ಖರ್ಚಾಗದ ಮೊದಲ ಕಾಳು

“ಹೂಂ, ಮುಂದೆ ಓದಿ,” ಎಂದರು ಮನೆಯ ಯಜಮಾನರು.

ನಾನು ಮುಂದೆ ಓದಲಿಲ್ಲ. ಆಗತಾನೇ ಅವರು ಒಂದು ಶುದ್ಧ ಸುಳ್ಳಿಗೆ ಹೌದೆಂದು ತಲೆಯಾಡಿಸಿದ್ದರು. ಆ ಸುಳ್ಳನ್ನು ವರದಿಯೊಳಗೆ ತುರುಕಿದವಳು ನಾನೇ.

ಜಗತ್ತೇ ಬಳಸುವ ‘ಕಾಳು’ ಎಂಬ ಡಿಜಿಟಲ್ ಹಣವನ್ನು ಹುಟ್ಟುಹಾಕಿ, ಹೆಸರು ಹೇಳದೆ ಮಾಯವಾದ ಮಹಾನುಭಾವನನ್ನು ಹುಡುಕುತ್ತ ನಮ್ಮ ಪತ್ರಿಕೆ ಕೊನೆಗೆ ಈ ಮನೆಯ ಸೋಫಾದ ಮೇಲೆ ಬಂದು ಕೂತಿತ್ತು. ಆಫೀಸಿನಲ್ಲಿ ನಾವು ಅವನಿಗೆ ಇಟ್ಟ ಅಡ್ಡಹೆಸರು ಕಾಳಪ್ಪ. ನಾಳೆಯ ಮುಖಪುಟದಲ್ಲಿ ಕಾಳಪ್ಪನ ಮುಖ ಬರಬೇಕು.

ನನ್ನ ಪಕ್ಕದಲ್ಲಿ ನಮ್ಮ ಹಿರಿಯ ವರದಿಗಾರ ಕೂತಲ್ಲೇ ಚಡಪಡಿಸುತ್ತಿದ್ದ. ಎಲ್ಲಿ ಏನು ನಾರಿದರೂ ಮೊದಲು ಇವನಿಗೇ ವಾಸನೆ ಬಡಿಯುವುದರಿಂದ ಎಲ್ಲರೂ ಇವನನ್ನು ಮೂಗು ಎನ್ನುತ್ತಾರೆ. ಈ ಮನೆಯನ್ನು ಪತ್ತೆ ಹಚ್ಚಿದ್ದು ಇವನೇ. ಅದನ್ನು ದಾರಿಯುದ್ದಕ್ಕೂ ನನಗೆ ನೆನಪಿಸುತ್ತಲೇ ಬಂದಿದ್ದ.

ನಾನು ತಾಳೆ ವಿಭಾಗದವಳು. ಬರೆದವರು ಬರೆದದ್ದನ್ನು ನಿಜದ ಜೊತೆಗಿಟ್ಟು ತಾಳೆ ನೋಡುವುದು ನನ್ನ ಕೆಲಸ. ನಮ್ಮ ಪತ್ರಿಕೆಯಲ್ಲಿ ಒಂದು ಪದ್ಧತಿಯಿದೆ. ಬೇರೆ ಯಾರಲ್ಲೂ ಇಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ಯಾರ ಬಗ್ಗೆ ಬರೆದಿದ್ದೇವೋ ಅವರ ಮನೆಗೇ ಹೋಗಿ, ಎದುರು ಕೂತು, ವರದಿಯ ಪ್ರತಿ ಸಾಲನ್ನೂ ಓದಿ ಕೇಳಿಸಬೇಕು. ಅವರು ಏನು ಹೇಳುತ್ತಾರೋ ಅದಕ್ಕೂ ಪುಟದಲ್ಲಿ ಜಾಗ ಕೊಡಬೇಕು. ಓದು ಮುಗಿಯುವ ತನಕ ಅಚ್ಚಿನ ಯಂತ್ರ ತಿರುಗುವುದಿಲ್ಲ. ಎದುರಿಗಿರುವವರು ಮಂತ್ರಿಯಾದರೂ ಅಷ್ಟೆ, ಜೇಬುಗಳ್ಳನಾದರೂ ಅಷ್ಟೆ.

ಈ ಪದ್ಧತಿಯೊಳಗೆ ತಾಳೆ ವಿಭಾಗದ್ದೇ ಒಂದು ಗುಟ್ಟಿದೆ. ಓದಿ ಕೇಳಿಸುವ ಪ್ರತಿಯಲ್ಲಿ ಮಾತ್ರ ನಾವೊಂದು ಸುಳ್ಳು ಸಾಲು ಸೇರಿಸುತ್ತೇವೆ. ಅದಕ್ಕೆ ‘ಕಲ್ಲು’ ಎಂದು ಹೆಸರು. ಅನ್ನದಲ್ಲಿ ಕಲ್ಲು ಸಿಕ್ಕರೆ ಉಣ್ಣುವವನು ಉಗುಳಲೇಬೇಕು. ಉಗುಳದೆ ನುಂಗಿದನೆಂದರೆ ಅವನ ಉಳಿದ ಹೌದುಗಳನ್ನೂ ನಂಬುವಂತಿಲ್ಲ.

ಯಜಮಾನರು ಕಲ್ಲನ್ನು ಸಲೀಸಾಗಿ ನುಂಗಿದ್ದರು.

ನಾನು ಸೇರಿಸಿದ್ದ ಸಾಲು ಇಷ್ಟೆ: ಕಾಳಿನ ಮೊದಲ ಪ್ರೋಗ್ರಾಮನ್ನು ಅವರು ತಾವು ಎಂಜಿನಿಯರಾಗಿದ್ದ ಟೆಲಿಫೋನ್ ಎಕ್ಸ್‌ಚೇಂಜಿನ ಹಳೆಯ ಯಂತ್ರದಲ್ಲೇ ಪರೀಕ್ಷಿಸಿ ನೋಡಿದರು. ನಿಜ ಏನೆಂದರೆ, ಕಾಳು ಹುಟ್ಟುವ ಹೊತ್ತಿಗೆ ಆ ಯಂತ್ರ ಗುಜರಿಗೆ ಹೋಗಿ ವರ್ಷಗಳಾಗಿದ್ದವು. ಅದನ್ನು ಲಾರಿಗೆ ಹತ್ತಿಸುವಾಗ ಮುಂದೆ ನಿಂತು ಸಹಿ ಹಾಕಿದವರು ಇದೇ ಯಜಮಾನರು. ಮರೆಯುವ ಮಾತಲ್ಲ ಅದು. ಅಂದರೆ ಇವರು ಗೊತ್ತಿದ್ದೂ ಗೊತ್ತಿದ್ದೂ ಹೂಂಗುಟ್ಟುತ್ತಿದ್ದರು.

ಯಾಕೆ?

ನಾನು ಹಾಲ್ ಸುತ್ತ ಕಣ್ಣಾಡಿಸಿದೆ. ಮೂಲೆಯಲ್ಲಿ ಡಯಲ್ ತಿರುಗಿಸುವ ಕಾಲದ ಕಪ್ಪು ಟೆಲಿಫೋನು, ಒಂದು ಧೂಳಿನ ಕಣವೂ ಇಲ್ಲದಂತೆ ಒರೆಸಿಟ್ಟದ್ದು. ಗೋಡೆಯ ಮೇಲೆ ಹಡಗಿನ ಎಂಜಿನಿಯರ್ ಮಗ ಬಿಳಿ ಸಮವಸ್ತ್ರದಲ್ಲಿ ನಗುತ್ತಿದ್ದ. ಅವನ ಕೆಳಗೆ ಸ್ಕೂಲ್ ಬ್ಯಾಗ್ ಹೊತ್ತ ಇಬ್ಬರು ಮೊಮ್ಮಕ್ಕಳು. ಈಗ ಅವರು ಕಾಲೇಜಿನ ಹಾಸ್ಟೆಲಿನಲ್ಲಿದ್ದಾರಂತೆ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡ ಚೌಕಟ್ಟಿನಲ್ಲಿ, ಕಪ್ಪು ಗೌನು ತೊಟ್ಟು ಚಿನ್ನದ ಪದಕ ಹಿಡಿದ ಒಬ್ಬ ಹುಡುಗಿ.

“ಮಗಳಾ?” ಎಂದು ಬಂದಾಗಲೇ ಕೇಳಿದ್ದೆ.

“ಸೊಸೆ,” ಎಂದಿದ್ದರು ಯಜಮಾನರು. “ಗಣಿತದಲ್ಲಿ ಇಡೀ ಯೂನಿವರ್ಸಿಟಿಗೇ ಮೊದಲು.” ಮಗನ ಹಡಗಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಟಿವಿ ಸದ್ದಿಲ್ಲದೆ ಓಡುತ್ತಿತ್ತು. ಅದರಲ್ಲಿ ಕಾಣುತ್ತಿದ್ದುದು ಇದೇ ಮನೆಯ ಗೇಟು. ನಮ್ಮ ಜಾಹೀರಾತು ವಿಭಾಗದ ಪುಣ್ಯಾತ್ಮರು ‘ನಾಳೆ ಬಯಲಾಗಲಿದೆ ಆ ಮುಖ’ ಎಂದು ಊರ ತುಂಬ ಫಲಕ ಹಾಕಿಸಿದ್ದರು. ಮೂಗಿನ ಕಾರನ್ನು ಹಿಂಬಾಲಿಸಿದ್ದ ಟಿವಿಯವರು ಮಧ್ಯಾಹ್ನದಿಂದ ಗೇಟಿನ ಮುಂದೆ ಠಿಕಾಣಿ ಹೂಡಿದ್ದರು.

“ಮೇಡಂ, ಓದ್ರೀ,” ಎಂದು ಮೂಗು ಮೊಣಕೈಯಿಂದ ತಿವಿದ.

ಓದಿದೆ. ಮೂಗು ಪೋಣಿಸಿದ್ದ ಸುಳಿವುಗಳೆಲ್ಲ ಅಲ್ಲಿದ್ದವು. ಮೊದಲ ವರ್ಷ ಕಾಳಪ್ಪ ಇಂಟರ್ನೆಟ್ಟಿನಲ್ಲಿ ಬರೆದ ಮಾತುಗಳೆಲ್ಲ ಹೊರಟದ್ದು ಈ ಮನೆಯ ಕನೆಕ್ಷನ್ನಿನಿಂದ. ಕನೆಕ್ಷನ್ ಇದ್ದದ್ದು ಯಜಮಾನರ ಹೆಸರಿನಲ್ಲಿ. ಕಾಳಪ್ಪ ಬೆಳಿಗ್ಗೆ ಬರೆಯುತ್ತಿದ್ದ, ಮಧ್ಯಾಹ್ನ ಇಳಿಯುತ್ತಿದ್ದಂತೆ ಸುಮ್ಮನಾಗುತ್ತಿದ್ದ. ನಿವೃತ್ತರಲ್ಲವೇ, ಊಟವಾದ ಮೇಲೆ ಒಂದು ನಿದ್ದೆ ಎಂದು ಮೂಗು ಬರೆದಿದ್ದ. ಬೇಸಿಗೆಯಲ್ಲಂತೂ ಕಾಳಪ್ಪನ ಸುಳಿವೇ ಇರುತ್ತಿರಲಿಲ್ಲ. ತಂಪು ಊರುಗಳಿಗೆ ಪ್ರವಾಸ ಎಂದು ಬರೆದಿದ್ದ.

ಪ್ರತಿ ಸಾಲಿಗೂ ಯಜಮಾನರು “ಸರಿ”, “ಹೌದು”, “ಅದೂ ಸರಿ” ಎನ್ನುತ್ತ ಹೋದರು.

ನಾನು ಕಾಗದವನ್ನು ತೊಡೆಯ ಮೇಲಿಟ್ಟೆ. “ನೋಡಿ ಯಜಮಾನರೇ, ನೇರವಾಗಿ ಕೇಳ್ತೀನಿ. ಹೋದ ವರ್ಷ ಒಂದು ಚಾನೆಲ್ಲಿನೋರು ಗಣಿತದ ಮೇಷ್ಟ್ರೊಬ್ಬರನ್ನ ಇವರೇ ಅಂತ ತೋರಿಸಿಬಿಟ್ರು. ಆಮೇಲೆ ಏನಾಯ್ತು ಗೊತ್ತಲ್ಲ?”

“ಗೊತ್ತು. ಮನೆಗೆ ನುಗ್ಗಿ ಬೆರಳು ಮುರಿದ್ರು.”

“ಕೀ ಕೊಡು ಅಂತ ಮುರಿದ್ರು.” ಕಾಳಪ್ಪನ ಪಾಲಿನ ಹಳೆಯ ಕಾಳುಗಳನ್ನು ಅಲ್ಲಾಡಿಸಬಲ್ಲ, ಅಂದರೆ ಬೇರೆಯವರಿಗೆ ದಾಟಿಸಬಲ್ಲ ಒಂದು ಗುಪ್ತ ಸಂಖ್ಯೆಯಿದೆ. ಅದಕ್ಕೆ ಕೀ ಎನ್ನುತ್ತಾರೆ. ಅದು ಸಿಕ್ಕವನು ಒಂದು ದೇಶವನ್ನೇ ಕೊಳ್ಳಬಹುದು ಎಂದು ಜನ ಆಡಿಕೊಳ್ಳುತ್ತಾರೆ. “ಪಾಪ, ಇಲ್ಲದ ಕೀ ಮೇಷ್ಟ್ರು ಎಲ್ಲಿಂದ ಕೊಡ್ಬೇಕು? ಅದಕ್ಕೇ ಇನ್ನೊಂದ್ಸಲ ಕೇಳ್ತಿದೀನಿ. ಕಾಳು ಮಾಡಿದ್ದು ನೀವೇನಾ?”

ಯಜಮಾನರು ಬೆನ್ನು ನೆಟ್ಟಗೆ ಮಾಡಿ ಕೂತರು.

“ನಾನೇ. ಬರ್ಕೊಳ್ಳಿ. ಈ ಮನೇಲೇ ಹುಟ್ಟಿದ್ದು ಅದು. ಜಗತ್ತಲ್ಲಿ ದೊಡ್ಡ ದೊಡ್ಡ ತಲೆಗಳೆಲ್ಲ ಸೇರಿ ಮಾಡಕ್ಕಾಗದೇ ಇದ್ದದ್ದು ಈ ಸೂರಿನ ಕೆಳಗೆ ಆಯ್ತು. ದಪ್ಪ ಅಕ್ಷರದಲ್ಲೇ ಹಾಕಿ.”

“ಸಿಕ್ತು!” ಮೂಗು ಸೋಫಾದಿಂದ ಚಿಮ್ಮಿದ. ಸಂಪಾದಕರಿಗೆ ಸುದ್ದಿ ಮುಟ್ಟಿಸಲು ಫೋನು ಕಿವಿಗಿಟ್ಟುಕೊಂಡು ಹಿಂದಿನ ಅಂಗಳಕ್ಕೆ ಓಡಿದ.

ನಾನು ಯಜಮಾನರ ಮುಖವನ್ನೇ ನೋಡುತ್ತಿದ್ದೆ. ಸುಳ್ಳುಗಾರರನ್ನು ಈ ಕೆಲಸದಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವರ ಕಣ್ಣು ತಪ್ಪಿಸಿಕೊಳ್ಳಲು ಬಾಗಿಲು ಹುಡುಕುತ್ತಿರುತ್ತದೆ. ಇವರ ಕಣ್ಣು ತುಂಬಿ ಬಂದಿತ್ತು. ಹೆಮ್ಮೆ ಅಪ್ಪಟವಾಗಿತ್ತು, ಮಾತು ಮಾತ್ರ ಸುಳ್ಳಾಗಿತ್ತು. ಎರಡೂ ಒಂದೇ ಮುಖದಲ್ಲಿ ಹೇಗೆ ಕೂತಿವೆ ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಏನೇ ಇರಲಿ, ಪದ್ಧತಿ ಎಂದರೆ ಪದ್ಧತಿ. ಕೊನೆಯ ಸಾಲಿನವರೆಗೂ ಓದಲೇಬೇಕು. ಅಷ್ಟರಲ್ಲಿ ಸೊಸೆ ಚಹಾದ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದಳು. ಚಿತ್ರದ ಹುಡುಗಿಯೇ, ತಲೆ ಅಲ್ಲಲ್ಲಿ ನರೆತಿತ್ತು. ತಕ್ಕಡಿ ಯಂತ್ರಗಳ ಕಂಪನಿಯೊಂದಕ್ಕೆ ಮನೆಯಿಂದಲೇ ಪ್ರೋಗ್ರಾಮ್ ಬರೆಯುತ್ತಾಳೆಂದು ಯಜಮಾನರು ಹೇಳಿದ್ದರು.

“ಇಷ್ಟೆಲ್ಲ ಜಾಣತನದ ನಡುವೆಯೂ ಇವರಿಂದ ಒಂದು ದೊಡ್ಡ ಎಡವಟ್ಟಾಗಿದೆ,” ಎಂದು ನಾನು ಓದಿದೆ. “ಮೊಟ್ಟಮೊದಲು ಹುಟ್ಟಿದ ಕಾಳನ್ನು ಇವತ್ತಿಗೂ ಯಾರೂ ಖರ್ಚು ಮಾಡಲಾರರು, ಸ್ವತಃ ಇವರೂ ಸಹ. ಬರೆಯುವಾಗಿನ ಅಜಾಗರೂಕತೆಯಿಂದ ಆ ಕಾಳು ಸಿಕ್ಕಿಹಾಕಿಕೊಂಡಿದೆ ಎಂಬುದು ತಜ್ಞರೆಲ್ಲರ ಒಮ್ಮತ.”

ಇದು ಕಲ್ಲಲ್ಲ. ನಮ್ಮ ಮಟ್ಟಿಗೆ ಅಪ್ಪಟ ನಿಜ. ತಜ್ಞರನ್ನು ಖುದ್ದು ನಾನೇ ಕೇಳಿ ತಾಳೆ ನೋಡಿದ್ದೆ.

“ಸರಿ,” ಎಂದರು ಯಜಮಾನರು.

ತಟ್ಟೆ ಟೀಪಾಯಿಯ ಮೇಲೆ ಧಡಾರನೆ ಕೂತಿತು. ಚಹಾ ತುಳುಕಿ ವರದಿಯ ಅಂಚು ತೊಯ್ದಿತು.

“ಏನು ಸರಿ ಮಾವ? ಅಜಾಗರೂಕತೆನಾ?”

“ನೀನು ಒಳಗೆ ಹೋಗಮ್ಮ.”

“ಹೋಗಲ್ಲ. ಬೇರೆ ಏನು ಬೇಕಾದ್ರೂ ಬರ್ಕೊಳ್ಳಿ. ಯಾವ ತಜ್ಞರು ರೀ ಅವರು? ಪ್ರೋಗ್ರಾಮ್ ಪೂರ್ತಿ ಓದಿದಾರಾ, ಇಲ್ಲ ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ಹೇಳ್ತಿದಾರಾ?” ಅವಳ ಕೆನ್ನೆ ಕೆಂಪೇರಿತ್ತು. “ಆ ಕಾಳಿಗೆ ಎರಡು ತಡೆ ಇದೆ. ಖರ್ಚು ಮಾಡೋಕೆ ಹೋದ್ರೆ ಮುಂದುಗಡೆ ಒಂದು ತಡೆಯುತ್ತೆ. ಅದನ್ನ ಯಾರಾದ್ರೂ ಕಿತ್ತು ಹಾಕಿದ್ರೂ, ಲೆಕ್ಕ ತಾಳೆ ನೋಡೋ ಜಾಗದಲ್ಲಿ ಇನ್ನೊಂದು ಕೂತಿದೆ. ಮರೆತು ಒಂದು ಬಾಗಿಲು ಹಾಕ್ಬಹುದು. ಮರೆತು ಎರಡು ಬಾಗಿಲು ಹಾಕಿ ಎರಡಕ್ಕೂ ಚಿಲಕ ಸಿಗಿಸ್ತಾರಾ?”

“ಹಾಗಾದ್ರೆ ಯಾಕೆ ಹಾಗೆ?”

“ಬಡಿಸೋರು ಮೊದಲನೇ ತುತ್ತು ತಾವೇ ಬಾಯಿಗೆ ಹಾಕ್ಕೋಬಾರದು ಅಂತ. ಅಷ್ಟೂ ಗೊತ್ತಾಗಲ್ವಾ?”

ಹೇಳಿದ ಮೇಲೆ ಅವಳಿಗೆ ತಾನೇನು ಹೇಳಿದೆ ಎಂಬುದು ತಿಳಿಯಿತು. ಬಟ್ಟೆ ತರುವ ನೆಪ ಮಾಡಿ ಅಡುಗೆಮನೆಗೆ ಹೊರಟುಹೋದಳು. ಯಜಮಾನರು ತೊಯ್ದ ಕಾಗದವನ್ನು ತಮ್ಮ ಪಂಚೆಯ ತುದಿಯಿಂದ ಒತ್ತತೊಡಗಿದರು.

“ಅವಳ ಮಾತು ಬಿಡಿ. ಅವಳಿಗೇನು ಗೊತ್ತು?” ಎಂದರು.

ಅಷ್ಟು ಹೊತ್ತು ಆಡಿದ ಸುಳ್ಳುಗಳಲ್ಲಿ ಈ ಒಂದನ್ನು ಹೇಳಲು ಮಾತ್ರ ಅವರಿಗೆ ನಿಜವಾಗಿ ಕಷ್ಟವಾಯಿತು.

ಕಾಳಿನ ಪ್ರೋಗ್ರಾಮನ್ನು ಯಾರು ಬೇಕಾದರೂ ತೆರೆದು ಓದಬಹುದು. ಆಫೀಸಿನ ಕಂಪ್ಯೂಟರ್ ತಜ್ಞನಿಗೆ ನಾನು ಒಂದು ಸಂದೇಶ ಕಳಿಸಿದೆ. ಮೊದಲ ಕಾಳಿಗೆ ಲೆಕ್ಕದ ಭಾಗದಲ್ಲಿ ಎರಡನೇ ತಡೆ ಇದೆಯೇ ನೋಡಿ ಎಂದು. ಚಹಾ ಆರುವುದರೊಳಗೆ ಉತ್ತರ ಬಂತು: “ಅಯ್ಯೋ, ಇದೆ! ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿಲ್ಲ. ಯಾರು ಹೇಳಿದ್ರು ನಿಮಗೆ?”

ನನ್ನ ಮೈ ಜುಮ್ಮೆಂದಿತು. ಈ ಕೆಲಸಕ್ಕೆ ಸೇರಿದ ಮೇಲೆ ಅಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ. ಊರಿನ ಪತ್ರಿಕೆ, ಟಿವಿ ಎಲ್ಲ ಗಂಡಸೊಬ್ಬನ ಹಿಂದೆ ಬಿದ್ದು ಅಲೆದಿದ್ದವು. ಮಕ್ಕಳನ್ನು ಸ್ಕೂಲಿನಿಂದ ಕರೆತರುವ ಹೊತ್ತನ್ನು ನಾವು ಮುದುಕರ ನಿದ್ದೆ ಎಂದುಕೊಂಡಿದ್ದೆವು. ಸ್ಕೂಲಿನ ರಜೆಯನ್ನು ಪ್ರವಾಸ ಎಂದುಕೊಂಡಿದ್ದೆವು. ಒಬ್ಬ ತಾಯಿಯ ದಿನಚರಿ ಕಣ್ಣೆದುರು ಬಿದ್ದಿದ್ದರೂ ಅದನ್ನು ಗುರುತಿಸಲು ಒಬ್ಬರಿಗೂ ಆಗಿರಲಿಲ್ಲ.

ಆ ಖುಷಿಯಲ್ಲೇ ನಾನು ಕೆಟ್ಟೆ.

“ಯಜಮಾನರೇ, ನಿಮ್ಮ ‘ಹೌದು’ ನಮ್ಮಲ್ಲಿ ನಡೆಯಲ್ಲ,” ಎಂದೆ, ಜಂಬದಿಂದಲೇ. ಕಲ್ಲಿನ ಗುಟ್ಟನ್ನೂ ಬಿಚ್ಚಿಟ್ಟೆ, ಗುಜರಿಗೆ ಹೋದ ಯಂತ್ರವನ್ನೂ ನೆನಪಿಸಿದೆ. “ಗೇಟಿನ ಹತ್ರ ನಿಂತಿದಾರಲ್ಲ, ಅವರ ಮುಂದೆ ಏನು ಹೇಳಿದ್ರೂ ನಡೆಯುತ್ತೆ. ಕೇಳೋರಿಲ್ಲ, ತಾಳೆ ನೋಡೋರಿಲ್ಲ. ನಮ್ಮ ಪತ್ರಿಕೆ ಹಾಗಲ್ಲ.”

ಯಜಮಾನರು ಟಿವಿಯ ಕಡೆ ಒಮ್ಮೆ ನೋಡಿದರು. ನಾನು ಎದ್ದು ಅಡುಗೆಮನೆಗೆ ಹೋದೆ.

ಅವಳು ಒಲೆಯ ಕಟ್ಟೆಗೆ ಒರಗಿ ನಿಂತಿದ್ದಳು. ಕಟ್ಟೆಯ ತುದಿಯಲ್ಲಿ, ಡಬ್ಬಿಗಳ ಪಕ್ಕ, ಒಂದು ಲ್ಯಾಪ್‌ಟಾಪ್. ಅದರ ಹಿಂದಿನ ಗೋಡೆಯಲ್ಲಿ ವೈರು ಹಾಯುವಷ್ಟು ಒಂದು ತೂತಿತ್ತು.

“ಆ ಕಡೆ ಯಾವ ರೂಮು?” ಎಂದು ಕೇಳಿದೆ.

“ಮಾವನದು.” ಅವಳು ನನ್ನನ್ನು ಅಳೆಯುವಂತೆ ನೋಡಿದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಅವಳಿಗೂ ಗೊತ್ತಾಗಿತ್ತು. “ಆ ತೂತು ಕೊರೆದಿದ್ದೂ ಮಾವನೇ. ಕಾಳನ್ನ ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಕಳಿಸಿ ನೋಡ್ಬೇಕಿತ್ತು. ಹೊರಗಡೆ ಯಾರಿಗೂ ಹೇಳೋ ಹಾಗಿರಲಿಲ್ಲ. ನಾನು ಇಲ್ಲಿಂದ ಕಳಿಸ್ದೆ. ಆ ಕಡೆಯಿಂದ ಮಾವ ‘ಬಂತಮ್ಮಾ, ಬಂತು!’ ಅಂತ ಕೂಗಿದ್ರು. ಒಲೆ ಮೇಲೆ ಹಾಲು ಉಕ್ಕಿ ಹೋಯ್ತು. ಇಬ್ಬರಿಗೂ ಪರಿವೆನೇ ಇಲ್ಲ.”

“ನಿಮ್ಮ ಗಂಡನಿಗೆ ಗೊತ್ತಿತ್ತಾ?”

“ಅವರು ಹಡಗಲ್ಲಿದ್ರು. ಬಂದ ಮೇಲೆ ಹೇಳ್ದೆ. ನಗಾಡಿದ್ರು. ಆಮೇಲೆ ಪೇಪರಲ್ಲೆಲ್ಲ ಬರೋಕೆ ಶುರುವಾದಾಗ ನಗು ನಿಂತ್ಹೋಯ್ತು.”

“ಇಷ್ಟು ದೊಡ್ಡ ಕೆಲಸ ಮಾಡಿ ಹೆಸರೂ ಬೇಡ ಅಂದ್ರಲ್ಲ. ಒಂದು ದಿನವೂ ಬೇಕು ಅನ್ನಿಸಲಿಲ್ವಾ?”

“ಯಾಕೆ ಅನ್ನಿಸಲ್ಲ? ಬಸ್ಸಲ್ಲಿ ಪಕ್ಕದ ಸೀಟಿನೋರು ಕಾಳಲ್ಲಿ ಟಿಕೆಟ್ ತಗೊಂಡಾಗಲೆಲ್ಲ ‘ಅದು ನಂದು’ ಅಂತ ಕೂಗ್ಬೇಕು ಅನ್ಸುತ್ತೆ.” ಮೊದಲ ಬಾರಿಗೆ ಅವಳು ನಕ್ಕಳು. “ಮೇಡಂ, ಅದು ನನ್ನ ಹೆಸರಿನ ಬಲದ ಮೇಲೆ ನಿಂತಿಲ್ಲ. ಯಾರು ಮಾಡಿದ್ರು ಅಂತ ಗೊತ್ತಿಲ್ಲದೇನೇ ಜನ ನಂಬಿದಾರೆ. ನಾನು ಇವತ್ತು ಸತ್ತರೂ ನಾಳೆ ನಡೆಯುತ್ತೆ. ನಂಗೆ ಅದಕ್ಕಿಂತ ದೊಡ್ಡ ಪದಕ ಯಾರು ಕೊಡ್ತಾರೆ?”

ಆ ಮಾತು ಕೇಳಿ ನನ್ನ ಎದೆಯೂ ಉಬ್ಬಿತು. ನನ್ನ ಬಂಧುವಲ್ಲ, ಬಳಗವಲ್ಲ. ಆದರೂ ನಮ್ಮವಳೇ ಗೆದ್ದಳು ಎನ್ನುವಂಥ ಹೆಮ್ಮೆ. ಮರುಕ್ಷಣವೇ ಭಯವಾಯಿತು. ಈ ಹೆಸರನ್ನು ಅಚ್ಚು ಮಾಡಿದರೆ ಮೇಷ್ಟ್ರ ಮನೆಗೆ ಬಂದವರು ಇಲ್ಲಿಗೂ ಬರುತ್ತಾರೆ.

“ಮಾವನ ಹೆಸರು ಮಾತ್ರ ಹಾಕ್ಬೇಡಿ,” ಎಂದಳು ಅವಳು. “ನನ್ನನ್ನ ಉಳಿಸೋಕೆ ಹೊರಟಿದಾರೆ. ನಿಮ್ಮ ಪತ್ರಿಕೆಯಿಂದ ಫೋನ್ ಬಂದಾಗಿಂದ, ಮೂರು ದಿನದಿಂದ ಜಗಳ ಆಡ್ತಿದೀವಿ. ‘ನಂಗೇನಮ್ಮ, ವಯಸ್ಸಾಯ್ತು, ಬಂದ್ರೆ ಬರಲಿ’ ಅಂತಾರೆ. ಅವರೇ ಹೇಳಿದ್ರೂ ನೀವು ಹಾಕಲ್ಲ ತಾನೇ?”

“ಹಾಕಲ್ಲ. ಆಗಲೇ ಅವರಿಗೂ ಹೇಳಿ ಬಂದೆ.”

“ಏನಂತ?”

ಗೇಟಿನವರ ಮುಂದೆ ಏನು ಹೇಳಿದರೂ ನಡೆಯುತ್ತೆ ಎಂದ ನನ್ನ ಮಾತು ಆಗ ನನಗೇ ಮತ್ತೆ ಕೇಳಿಸಿತು. ಹಾಲ್ ಕಡೆಯಿಂದ ಯಾವ ಸದ್ದೂ ಬರುತ್ತಿರಲಿಲ್ಲ.

ಹಿಂದಿನ ಅಂಗಳದಿಂದ ಮೂಗು ಏದುಸಿರು ಬಿಡುತ್ತ ನುಗ್ಗಿದ. “ಏನ್ರೀ ಮೇಡಂ ಮಾಡಿದ್ರಿ? ಸಂಪಾದಕರು ಬಾಯಿಗೆ ಬಂದ ಹಾಗೆ ಬಯ್ತಿದಾರೆ. ನಮ್ಮ ಕಾಳಪ್ಪ ಗೇಟಲ್ಲಿ ನಿಂತಿದಾನೆ! ಎಲ್ಲ ಚಾನೆಲ್ಲಲ್ಲೂ ಬರ್ತಿದೆ!”

ನಾವು ಹಾಲ್‌ಗೆ ಓಡಿದೆವು. ಯಜಮಾನರ ಕುರ್ಚಿ ಖಾಲಿಯಿತ್ತು, ಮುಂಬಾಗಿಲು ಹಾರು ಹೊಡೆದಿತ್ತು. ಟಿವಿಯಲ್ಲಿ ಅವರು ಮೈಕುಗಳ ನಡುವೆ ನಿಂತಿದ್ದರು. ಯಾವಾಗ ಹಾಕಿಕೊಂಡರೋ, ಮೈಮೇಲೆ ಇಸ್ತ್ರಿ ಮಾಡಿದ ಕೋಟಿತ್ತು. ಬಾಗಿಲ ಕಡೆ ಹೊರಟ ಸೊಸೆಯನ್ನು ನಾನು ತೋಳು ಹಿಡಿದು ನಿಲ್ಲಿಸಿದೆ. ಆ ಕ್ಯಾಮೆರಾಗಳ ಮುಂದೆ ಅವಳು ಹೋದರೆ ಎಲ್ಲ ಮುಗಿಯುತ್ತಿತ್ತು. ಇನ್ನೊಂದು ಕೈಯಲ್ಲಿ ರಿಮೋಟ್ ತೆಗೆದುಕೊಂಡು ಸದ್ದು ಹೆಚ್ಚಿಸಿದೆ.

“…ಈ ಪತ್ರಿಕೆಯೋರಿಗೆ ಧೈರ್ಯ ಸಾಲಲಿಲ್ಲ. ಅದಕ್ಕೇ ನಿಮ್ಮ ಹತ್ರ ಬಂದೆ. ಕಾಳು ಮಾಡಿದೋನು ನಾನು. ಈ ಮನೇಲಿ, ಈ ಕೈಯಲ್ಲಿ.”

“ಬಾಯಲ್ಲಿ ಹೇಳಿದ್ರೆ ಹೇಗೆ ಸಾರ್?” ಎಂದು ಒಬ್ಬ ಮೈಕನ್ನು ಅವರ ಗದ್ದಕ್ಕೇ ತಾಗಿಸಿದ. “ಆ ಮೊದಲನೇ ಕಾಳು ಬಿಡಿ. ನಿಮ್ಮ ಉಳಿದ ಹಳೇ ಕಾಳುಗಳೂ ಹುಟ್ಟಿದಾಗಿಂದ ಇದ್ದ ಜಾಗ ಬಿಟ್ಟು ಅಲ್ಲಾಡಿಲ್ಲ. ಒಂದೇ ಒಂದನ್ನ ಅಲ್ಲಾಡಿಸಿ ತೋರಿಸಿ, ನಂಬ್ತೀವಿ.”

ಯಜಮಾನರು ತಿರುಗಿ ಮನೆಯತ್ತ ನೋಡಿದರು. ಟಿವಿಯಲ್ಲಿ ನಮ್ಮನ್ನೇ ನೋಡಿದಂತಾಯಿತು. ಆಮೇಲೆ ಅವರ ಮುಖದಲ್ಲಿ ನಗು ಅರಳಿತು. ಮಗಳ ಫಲಿತಾಂಶ ಬರುವ ಮೊದಲೇ ನಮ್ಮ ಹುಡುಗಿ ಪಾಸು ಎಂದು ಊರಿಗೆಲ್ಲ ಹೇಳಿ ಬರುವ ಅಪ್ಪನ ನಗು.

“ಅದಕ್ಕೇನಂತೆ? ನಾಳೆ ಬೆಳಿಗ್ಗೆ ಎಲ್ಲರೂ ಬನ್ನಿ. ನಿಮ್ಮ ಕಣ್ಣ ಮುಂದೇನೇ ಅಲ್ಲಾಡಿಸಿ ತೋರಿಸ್ತೀನಿ. ಆಗದೇ ಹೋದ್ರೆ ಸುಳ್ಳ ಅಂತ ನನ್ನ ಮುಖಕ್ಕೆ ಉಗೀರಿ.”

ಮೂಗು ಶಿಳ್ಳೆ ಹಾಕಿದ. ನಾನು ಸೊಸೆಯ ಕಿವಿಯ ಬಳಿ ಬಾಗಿದೆ.

“ಹೇಗೂ ಹೇಳಿಬಿಟ್ರು. ಅಲ್ಲಾಡಿಸಿ ತೋರಿಸಲಿ, ಆಮೇಲೆ ಪೊಲೀಸ್ ಕಾವಲು ಕೇಳೋಣ. ಇವತ್ತೇ ಅವರಿಗೆ ಕೀ ಕೊಟ್ಟುಬಿಡಿ.”

ಅವಳು ಟಿವಿಯಿಂದ ಕಣ್ಣು ಕೀಳಲಿಲ್ಲ.

“ಎಲ್ಲಿಂದ ಕೊಡ್ಲಿ ಮೇಡಂ? ಎಂದಾದ್ರೂ ಒಂದು ದಿನ ಆಸೆ ಹುಟ್ಟೀತು ಅಂತ ಹೆದರಿ, ಮಕ್ಕಳು ಹೈಸ್ಕೂಲಿಗೆ ಸೇರಿದ ವರ್ಷವೇ ಅಳಿಸಿ ಹಾಕ್ದೆ. ಇನ್ನೊಂದು ಪ್ರತಿ ಇಲ್ಲ.” ಅವಳ ದನಿ ಉಡುಗಿತು. “ಮಾವನಿಗೆ ಅದನ್ನ ಹೇಳೇ ಇಲ್ಲ.”

ಗೇಟಿನ ಬಳಿ ಜೋರಾಗಿ ಚಪ್ಪಾಳೆ ಬಿತ್ತು. ಯಜಮಾನರು ಎದೆಯುಬ್ಬಿಸಿಕೊಂಡು ಮನೆಯತ್ತ ಬರುತ್ತಿದ್ದರು.